ತುಂಗೆಯ ದಂಡೆಯ ಟಪಾಲು

ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರ ಸುಮಾರಿಗೆ ತಮ್ಮ ರಾಜ್ಯದಲ್ಲಿ ಅಂಚೆಯ ಏರ್ಪಾಟು ಮಾಡಿದಾಗ ಶಿವಮೊಗ್ಗ–ತೀರ್ಥಹಳ್ಳಿ ದಾರಿಯ ಮಂಡಗದ್ದೆ ಮೈಸೂರಿಗೆ ಸೇರಿರಲಿಲ್ಲ. ತುಂಗೆಯ ಈ ದಂಡೆ ಆಗ ಕೆಳದಿ ಅರಸರ ಸೀಮೆ. ಅವರ ರಾಜಧಾನಿ ಬಿದನೂರಿನಲ್ಲಿ ರಾಣಿ ಚೆನ್ನಮ್ಮಾಜಿ ಆಗಷ್ಟೇ ಆಡಳಿತ ವಹಿಸಿಕೊಂಡಿದ್ದಳು. ಅವಳ ರಾಜ್ಯಕ್ಕೂ ಸುದ್ದಿ ಬೇಕೇ ಬೇಕಿತ್ತು. 1689ರಲ್ಲಿ ಮೊಗಲರ ಕೈಗೆ ಸಿಗದೆ ಜಿಂಜಿಯ ಕಡೆ ಹೊರಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನು ಎದುರು ಹಾಕಿಕೊಂಡವಳು ಅವಳು. ದಿಲ್ಲಿಯ ದಂಡು ಎಲ್ಲಿಯವರೆಗೆ ಬಂತು ಎಂಬುದನ್ನು ಹೊತ್ತಿಗೆ ಸರಿಯಾಗಿ ತಿಳಿಯದೆ ಅಂಥ ಧೈರ್ಯ ಮಾಡುವುದು ಸಾಧ್ಯವಿರಲಿಲ್ಲ. ಕಾಡಿನ ದಾರಿ ಬಲ್ಲ ಓಲೆಕಾರರ ಕಾಲೇ ಆ ಕಾಲದ ಟಪಾಲು.

ಮೈಸೂರಿನ ಅಂಚೆಯ ವಿಶೇಷ ಬೇರೆಯದು. ಚಿಕ್ಕದೇವರಾಜರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ಹಂಚಿದಾಗ ಅಂಚೆಗೂ ಒಂದು ಚಾವಡಿ ಸಿಕ್ಕಿತು. ಅಂದರೆ ಕಾಗದ ಸಾಗಿಸುವುದು ಹಣಕಾಸು, ಸೈನ್ಯಗಳ ಸಾಲಿನಲ್ಲೇ ನಿಲ್ಲುವ ರಾಜಕಾರ್ಯವಾಯಿತು. ಆದರೆ ಆ ಚಾವಡಿ ಕಾಗದವನ್ನಷ್ಟೇ ಸಾಗಿಸುತ್ತಿರಲಿಲ್ಲ. ಊರೂರಿನ ಅಂಚೆಯ ಗುರಿಕಾರರು ಅಲ್ಲಿ ನಡೆದದ್ದನ್ನೆಲ್ಲ ಅರಮನೆಗೆ ಬರೆಯಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಮೈಸೂರಿನಲ್ಲಿದ್ದು ದಕ್ಷಿಣದ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ: ಅಲ್ಲಿನ ಅಂಚೆಯವರು ಅರಮನೆಯ ಗುಟ್ಟಿನ ಜನ, ಅವರ ಕೈಕೆಳಗಿನವರು ಬೇಹುಗಾರರೇ. ಈ ದೇಶದಲ್ಲಿ ಸರಕಾರಿ ಅಂಚೆ ಪ್ರಜೆಗಳಿಗಾಗಿ ಹುಟ್ಟಿದ್ದಲ್ಲ ಎಂಬುದನ್ನು ಮರೆಯಬಾರದು. ಅದು ಪ್ರಜೆಗಳ ಸೇವೆಗೆ ನಿಂತದ್ದು ಬಹಳ ತಡವಾಗಿ. ಹಾಗೆ ನಿಂತ ಬಗೆಯೇ ಈ ಕಥೆಯ ತಿರುಳು.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ. ಅಲ್ಲಿನ ಸಂಪತ್ತೇ ತನ್ನನ್ನು ದೊಡ್ಡವನನ್ನಾಗಿ ಮಾಡಿತೆಂದು ಅವನು ನಂಬಿದ್ದ. ಅಷ್ಟು ಬೆಲೆಯ ಊರಿನ ಸುದ್ದಿ ಶ್ರೀರಂಗಪಟ್ಟಣಕ್ಕೆ ತಡವಾಗಿ ಮುಟ್ಟುವುದನ್ನು ಅವನು ಸಹಿಸುವಂತಿರಲಿಲ್ಲ. ಮೈಸೂರಿನ ಅಂಚೆ ಮಲೆನಾಡಿಗೆ ಕಾಲಿಟ್ಟದ್ದು ಹೀಗೆ, ಗೆದ್ದ ದಂಡಿನ ಹಿಂದೆ. 1799ರ ನಂತರ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1831ರಿಂದ ಬ್ರಿಟಿಷ್ ಕಮಿಷನರರ ಕಾಲದಲ್ಲಿಯೂ ಅಂಚೆ ಮುಂದುವರಿಯಿತು. ಹಳೆಯ ಬಿದನೂರಿನ ನಗರ ಸೀಮೆಯ ರೈತರು 1830ರಲ್ಲಿ ದಂಗೆಯೆದ್ದದ್ದು, ಅದರ ನೆಪದಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಆಮೇಲೆ ಬಂದ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರನಾಗಿದ್ದ. ಅವನ ಆಡಳಿತ ಘಟ್ಟದ ರಸ್ತೆಗಳ ಕಡೆ ಗಮನ ಕೊಟ್ಟಿತು. ಅಡಿಕೆ, ಕಾಫಿ, ಮೆಣಸು ಕರಾವಳಿಗೆ ಇಳಿಯಬೇಕಿತ್ತು. ಸರಕು ಇಳಿಯುವ ದಾರಿಯಲ್ಲೇ ಕಾಗದವೂ ಹತ್ತಿತು.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯನ್ನು ಈ ಕಣ್ಣಿನಿಂದ ನೋಡಬೇಕು. ಗಾಜನೂರು, ಸಕ್ರೆಬೈಲು ದಾಟಿ ತುಂಗೆಯ ಮಗ್ಗುಲಲ್ಲೇ ಸಾಗುವ ಸುಮಾರು 60 ಕಿಲೋಮೀಟರು ಅದು. ಮಂಡಗದ್ದೆ ಹೆಚ್ಚುಕಡಿಮೆ ನಡುದಾರಿ. ಇಂದಿನ ಪ್ರವಾಸಿಗೆ ಅದು ಮಳೆಗಾಲದಲ್ಲಿ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುವ ಪಕ್ಷಿಧಾಮ. ಕಾಲ್ನಡೆಯ ಕಾಲದಲ್ಲಿ ಅದು ದಣಿವಾರಿಸಿಕೊಳ್ಳುವ ಊರು. ಟಪಾಲಿನ ಓಟಗಾರ ಐದಾರು ಮೈಲಿಗೊಮ್ಮೆ ಚೀಲವನ್ನು ಇನ್ನೊಬ್ಬನ ಹೆಗಲಿಗೆ ದಾಟಿಸುತ್ತಿದ್ದ ಪದ್ಧತಿಯಲ್ಲಿ ಇಷ್ಟು ದೂರಕ್ಕೆ ಆರೇಳು ಜನ ಬೇಕಾಗುತ್ತದೆ. ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ, ಮಳೆಗೆ ಕಂಬಳಿ ಕೊಪ್ಪೆ, ಕಾಲಿಗೆ ಹತ್ತುವ ಉಂಬಳ. ಗೆಜ್ಜೆಯ ಸದ್ದು ಕಾಡುಪ್ರಾಣಿ ಸರಿದುಹೋಗಲೆಂದೂ ಹೌದು, ಮುಂದಿನ ಓಟಗಾರ ಎದ್ದು ನಿಲ್ಲಲೆಂದೂ ಹೌದು.

ಆದರೆ ಆ ಚೀಲದಲ್ಲಿ ಮಂಡಗದ್ದೆಯ ಒಕ್ಕಲಿನವನ ಕಾಗದ ಇರುತ್ತಿತ್ತೆ? ಅಪರೂಪಕ್ಕೆ. ಸರಕಾರದ ಕಾಗದಕ್ಕೆ ಮೊದಲ ಜಾಗ. ಖಾಸಗಿ ಕಾಗದ ದೂರ ಹೋದಷ್ಟೂ ದುಬಾರಿ. ಬೆಟ್ಟದ ಆಚೆಗಿನ ಮಗಳ ಮನೆಗೆ ಸುದ್ದಿ ಕಳಿಸಬೇಕಾದರೆ ಗಾಡಿಯವನ ಬಾಯಲ್ಲಿ, ಸಂತೆಗೆ ಹೋಗುವವರ ಬಾಯಲ್ಲಿ ಹೇಳಿ ಕಳಿಸುವುದೇ ರೂಢಿ.

ಇದನ್ನು ಬದಲಿಸಿದ್ದು ಒಂದು ದರಪಟ್ಟಿ. 1854ರ ಕಾಯಿದೆ, ಆ ವರ್ಷದ ಅಕ್ಟೋಬರ್ 1ರಿಂದ ಬ್ರಿಟಿಷ್ ಇಂಡಿಯಾದಲ್ಲಿ ಕಾಲು ತೊಲದೊಳಗಿನ ಕಾಗದಕ್ಕೆ ಅರ್ಧ ಆಣೆ ಎಂದು ಗೊತ್ತುಮಾಡಿತು. ಪಕ್ಕದೂರಿಗೂ ಅರ್ಧ ಆಣೆ, ಪೇಶಾವರಕ್ಕೂ ಅರ್ಧ ಆಣೆ. ಹಣ ಮೊದಲೇ ಕೊಡಬೇಕು, ಕೊಟ್ಟದ್ದಕ್ಕೆ ಗುರುತಾಗಿ ಚೀಟಿ ಅಂಟಿಸಬೇಕು. ಇಂಗ್ಲೆಂಡಿನಲ್ಲಿ 1840ರಲ್ಲಿ ರೋಲೆಂಡ್ ಹಿಲ್ ತಂದ ಪೆನ್ನಿ ಅಂಚೆಯ ತತ್ವವೇ ಇದು. ಕಾಗದ ಸಾಗಿಸುವ ಖರ್ಚಿನಲ್ಲಿ ದೂರದ ಪಾಲು ತೀರ ಕಡಿಮೆ, ಲೆಕ್ಕ ಬರೆಯುವ, ಹಣ ವಸೂಲಿ ಮಾಡುವ ಗೋಜಿನ ಪಾಲೇ ಹೆಚ್ಚು ಎಂದು ಹಿಲ್ ತೋರಿಸಿಕೊಟ್ಟಿದ್ದ. ಗವರ್ನರ್ ಜನರಲ್ ಡಾಲ್‌ಹೌಸಿಯ ಸರಕಾರ ಇದನ್ನು ಒಪ್ಪಿದ್ದು ಆಡಳಿತದ ಅನುಕೂಲಕ್ಕೇ ಇರಬಹುದು. ಆದರೂ ಒಮ್ಮೆ ದೂರಕ್ಕೆ ದರವಿಲ್ಲ ಎಂದಾದ ಮೇಲೆ ಕಾಡಿನ ಮೂಲೆಯ ಊರು ಪಟ್ಟಣಕ್ಕೆ ಸಮನಾಯಿತು. ಹಾಗೆ ಆಗಲೆಂದು ಯಾರೂ ಉದ್ದೇಶಿಸಿರಲಿಲ್ಲ. ಈ ದೇಶದಲ್ಲಿ ಸಮಾನತೆಯ ಮೊದಲ ಸರಕಾರಿ ಆಜ್ಞೆಗಳಲ್ಲಿ ಇದೂ ಒಂದು ಎಂದೇ ನಾನು ಎಣಿಸುತ್ತೇನೆ.

ಮೈಸೂರಿಗೆ ಆ ದರ ಪೂರ್ತಿಯಾಗಿ ಬಂದದ್ದು 35 ವರ್ಷ ತಡವಾಗಿ. ಅಲ್ಲಿಯವರೆಗೆ ಸಂಸ್ಥಾನದಲ್ಲಿ ಎರಡು ಅಂಚೆ: ಅರಮನೆಯದೊಂದು, ಬ್ರಿಟಿಷರದೊಂದು. 1881ರಲ್ಲಿ ಆಡಳಿತ ಮತ್ತೆ ಒಡೆಯರ ಮನೆತನಕ್ಕೆ ಬಂತು. 1889ರಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಎರಡು ಶತಮಾನ ದಾಟಿದ್ದ ಮೈಸೂರು ಅಂಚೆ ಸಾಮ್ರಾಜ್ಯದ ಅಂಚೆಯಲ್ಲಿ ಲೀನವಾಯಿತು. ತಿರುವಾಂಕೂರು ಅಂಚಲ್ ಎಂಬ ತನ್ನ ಅಂಚೆಯನ್ನು 1951ರವರೆಗೆ ಉಳಿಸಿಕೊಂಡು ಶಂಖಮುದ್ರೆಯ ಸ್ವಂತ ಚೀಟಿಗಳನ್ನೂ ಅಚ್ಚುಹಾಕಿತು. ನಿಜಾಮರ ಹೈದರಾಬಾದಿನಲ್ಲೂ ಸ್ವಂತ ಅಂಚೆ ಸ್ವಾತಂತ್ರ್ಯದ ನಂತರದವರೆಗೆ ಉಳಿದಿತ್ತು. ಮೈಸೂರು ಮಾತ್ರ ಚೀಟಿಯನ್ನೇ ಹೊರಡಿಸದೆ ಅಂಚೆಯನ್ನು ಬಿಟ್ಟುಕೊಟ್ಟಿತು. ಅಂಚೆಚೀಟಿ ಸಂಗ್ರಹಿಸುವವರಿಗೆ ಇದೊಂದು ಕೊರಗು. ಮಲೆನಾಡಿನವರಿಗೆ ಮಾತ್ರ ಲಾಭವೇ ಆಯಿತು ಎನ್ನಬೇಕು. ಹಿಂದೆ ಕವಲೇದುರ್ಗ ತಾಲೂಕು ಎನಿಸಿಕೊಂಡಿದ್ದ ತೀರ್ಥಹಳ್ಳಿ ಸೀಮೆಯಲ್ಲಿ ಹಾಕಿದ ಕಾರ್ಡು ಬೊಂಬಾಯಿಗೆ ಹೋದರೂ ಬೆಂಗಳೂರಿಗೆ ಹೋದರೂ ಒಂದೇ ಬೆಲೆ, ಕಾಲಾಣೆ. ಕಾಲಾಣೆಯ ಕಾರ್ಡು ದೇಶದಲ್ಲಿ 1879ರಲ್ಲೇ ಶುರುವಾಗಿತ್ತು. ಅದರ ಹಿಂದೆಯೇ 1880ರಲ್ಲಿ ಅಂಚೆ ಇಲಾಖೆ ಮನಿಯಾರ್ಡರ್ ವಹಿಸಿಕೊಂಡಿತು, 1882ರಲ್ಲಿ ಉಳಿತಾಯ ಬ್ಯಾಂಕು ತೆರೆಯಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದ ಮೇಲೆ ಚೀಲ ಶಿವಮೊಗ್ಗದವರೆಗೆ ಉಗಿಬಂಡಿಯಲ್ಲಿ ಬರತೊಡಗಿತು. ಅಲ್ಲಿಂದ ಈಚೆಗೆ ಅದೇ ತುಂಗೆಯ ದಾರಿ.

ಇಲಾಖೆ ಇನ್ನೂ ಏನೇನೋ ಹೊರೆ ಹೊತ್ತಿತು. 1890ರ ದಶಕದಲ್ಲಿ ಬಂಗಾಳದಿಂದ ಶುರುವಾಗಿ ದೇಶದ ಹಲವು ಕಡೆ ಅಂಚೆ ಕಚೇರಿಗಳಲ್ಲಿ ಕ್ವಿನೈನ್ ಪೊಟ್ಟಣ ಮಾರಿದರು. ಚಳಿಜ್ವರಕ್ಕೆ ಊರಿಗೆ ಊರೇ ಪಾಳುಬೀಳುತ್ತಿದ್ದ ಮಲೆನಾಡಿನವರಿಗೆ ಆ ಪೊಟ್ಟಣದ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮುಂದೆ ರೇಡಿಯೋ ಬಂದಾಗ ಅದರ ವರ್ಷದ ಲೈಸೆನ್ಸಿನ ಹಣವನ್ನೂ ಅಂಚೆ ಕಚೇರಿಯಲ್ಲೇ ಕಟ್ಟಬೇಕಿತ್ತು. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದ ಮೇಲೆ ಪುಟ್ಟ ಲೈಸೆನ್ಸ್ ಪುಸ್ತಕ ಹಿಡಿದು ಅಂಚೆ ಕಚೇರಿಯ ಮುಂದೆ ನಿಂತ ಹಿರಿಯರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ.

ದರ ಒಂದೇ ಆಯಿತು ನಿಜ. ಕಾಗದವನ್ನು ಮನೆ ಬಾಗಿಲಿಗೆ ಹೊತ್ತೊಯ್ಯುವವರು ಯಾರು? ಬಯಲುಸೀಮೆಯ ಹಳ್ಳಿಯಲ್ಲಿ ಮನೆಗಳು ಒತ್ತೊತ್ತಾಗಿ ಇರುತ್ತವೆ. ಅಂಚೆಯವನು ಒಂದು ಸುತ್ತು ಬಂದರೆ ಊರು ಮುಗಿಯಿತು. ಮಲೆನಾಡಿನಲ್ಲಿ ಹಾಗಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿ ಎಂದರೆ ಹೆಸರಿಗೊಂದು ಗ್ರಾಮ. ನಿಜದಲ್ಲಿ ಅದು ತೋಟಕ್ಕೊಂದು ಮನೆ, ಕಣಿವೆಗೊಂದು ಒಕ್ಕಲು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗದ್ದೆಯ ಅಂಚು, ಹಳ್ಳದ ಸಂಕ, ಹಕ್ಕಲು, ಏರು. ಒಂದೇ ಒಂದು ಕಾರ್ಡಿಗಾಗಿ ಎರಡು ಮೈಲಿ ನಡೆದು ಎರಡು ಮೈಲಿ ಹಿಂದೆ ಬರಬೇಕು. ಲೆಕ್ಕದ ಪುಸ್ತಕದಲ್ಲಿ ಅದು ಎಂದಿಗೂ ನಷ್ಟದ ಬಾಬತ್ತೇ.

ಆ ನಷ್ಟವನ್ನು ತಗ್ಗಿಸಲು ಇಲಾಖೆ ಕಂಡುಕೊಂಡ ಉಪಾಯ ಇಲಾಖೆಯ ಹೊರಗಿನ ನೌಕರ. ಕಾಗದಪತ್ರಗಳಲ್ಲಿ ಅವರ ಹೆಸರು ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್ ಏಜೆಂಟ್, ಜನರ ಬಾಯಲ್ಲಿ ಇ.ಡಿ. ಹಳ್ಳಿಯ ಶಾಖಾ ಅಂಚೆ ಕಚೇರಿಯ ಪೋಸ್ಟ್ ಮಾಸ್ಟರ್, ಕಾಗದ ಹಂಚುವವರು, ಚೀಲ ಹೊರುವವರು ಎಲ್ಲ ಈ ಗುಂಪಿನವರೇ. ಷರತ್ತು ಹೀಗಿತ್ತು: ಬದುಕಿಗೆ ಬೇರೆ ಆದಾಯ ಇರಬೇಕು, ದಿನಕ್ಕೆ ಕೆಲವೇ ಗಂಟೆಯ ಕೆಲಸ, ಸಂಬಳದ ಬದಲು ಭತ್ಯೆ, ಕಚೇರಿಗೆ ಜಾಗ ಅವರದೇ. ಆದ್ದರಿಂದ ಮಲೆನಾಡಿನ ಎಷ್ಟೋ ಊರುಗಳಲ್ಲಿ ಪೋಸ್ಟಾಫೀಸು ಎಂದರೆ ಯಾರದೋ ಮನೆಯ ಜಗಲಿ, ಕಿರಾಣಿ ಅಂಗಡಿಯ ಮೂಲೆ, ಶಾಲೆಯ ಮೇಷ್ಟರ ಕೋಣೆ. ಸರಕಾರ ಕೊಟ್ಟದ್ದು ಒಂದು ಮೊಹರು, ತಕ್ಕಡಿ, ಕಬ್ಬಿಣದ ಪೆಟ್ಟಿಗೆ, ಚೀಲ, ಫಾರಂಗಳ ಕಟ್ಟು. ಉಳಿದದ್ದೆಲ್ಲ ಊರಿನವರದು.

ಈ ಏರ್ಪಾಟಿನಲ್ಲಿ ಅನ್ಯಾಯವಿತ್ತು, ಅದರ ಮಾತು ಮುಂದೆ ಬರುತ್ತದೆ. ಆದರೆ ಅಂಚೆ ಊರಿನದೇ ಆದದ್ದೂ ಇದರಿಂದಲೇ. ಜಗಲಿಯ ಪೋಸ್ಟ್ ಮಾಸ್ಟರಿಗೆ ಯಾವ ಕಾಗದ ಯಾವ ಮನೆಯದೆಂದು ವಿಳಾಸ ಓದುವ ಮೊದಲೇ ಗೊತ್ತು. ಮೈಸೂರಿನಲ್ಲಿ ಓದುತ್ತಿರುವ ಹುಡುಗನಿಗೆ ಯಾವ ತಿಂಗಳು ಮನಿಯಾರ್ಡರ್ ಹೋಗಬೇಕು, ಯಾರ ಮನೆಗೆ ಮದುವೆಯ ಕಾಗದ ಬರುವ ಕಾಲ, ಓದಲು ಬಾರದ ಯಾವ ಅಜ್ಜಿಗೆ ಕಾರ್ಡನ್ನು ಓದಿಯೇ ಕೊಡಬೇಕು, ಇವೆಲ್ಲ ಅವರ ತಲೆಯಲ್ಲೇ ಇರುತ್ತಿದ್ದವು. ದೂರದ ಮನೆಯ ಕಾಗದವನ್ನು ಶಾಲೆಗೆ ಬರುವ ಮಗುವಿನ ಕೈಗೆ ಕೊಡುವುದು, ದಾರಿಬದಿಯ ಹೋಟೆಲಿನಲ್ಲಿ ಇಟ್ಟುಹೋಗುವುದು ನಿಯಮದಲ್ಲಿ ಇಲ್ಲದ, ಎಲ್ಲರೂ ಒಪ್ಪಿಕೊಂಡಿದ್ದ ಪದ್ಧತಿ. ಚೀಲ ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುವ ಕಾಲ ಬಂದ ಮೇಲೆ ಕಂಡಕ್ಟರ್ ಇಳಿಸಿಕೊಡುವ ಆ ಖಾಕಿ ಚೀಲವೇ ಊರಿನ ಗಡಿಯಾರ. ಮಳೆಗಾಲದಲ್ಲಿ ಮರ ಬಿದ್ದು ಬಸ್ಸು ನಿಂತರೆ ಎರಡು ದಿನದ ಟಪಾಲು ಒಟ್ಟಿಗೆ ಬರುತ್ತಿತ್ತು. ಪತ್ರಿಕೆಯೂ ಹಾಗೆಯೇ. ರಿಯಾಯಿತಿ ದರದಲ್ಲಿ ಅಂಚೆಯಲ್ಲಿ ಬರುತ್ತಿದ್ದ ಪತ್ರಿಕೆಯನ್ನು ಮಲೆನಾಡಿನ ಓದುಗರು ಒಂದು ದಿನ ಹಳತಾಗಿಯೇ ಓದಿ, ಕಾಯುವುದನ್ನೂ ಚರ್ಚಿಸುವುದನ್ನೂ ಕಲಿತರು. ತೀರ್ಥಹಳ್ಳಿ ಎಂಬ ಈ ಒಂದೇ ತಾಲೂಕು ಇಷ್ಟೊಂದು ಲೇಖಕರನ್ನೂ ಸಮಾಜವಾದಿಗಳನ್ನೂ ಕೊಟ್ಟದ್ದರಲ್ಲಿ ಆ ಖಾಕಿ ಚೀಲದ ಪಾಲು ಸಣ್ಣದಲ್ಲ ಎಂಬುದು ನನ್ನ ನಂಬಿಕೆ.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ 23,344 ಅಂಚೆ ಕಚೇರಿಗಳಿದ್ದವು. ಇಂದು 1,64,000ದ ಆಸುಪಾಸಿನಲ್ಲಿವೆ, ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲಿ. ಹೊಸ ಸರಕಾರ ಬೇಕೆಂದೇ ನಷ್ಟ ಒಪ್ಪಿಕೊಂಡು ಹಳ್ಳಿಗೆ ನುಗ್ಗಿದ್ದರ ಫಲ ಇದು. 1950ರ ಅಕ್ಟೋಬರ್ 2ರಂದು ಇನ್‌ಲ್ಯಾಂಡ್ ಲೆಟರ್ ಬಂತು. ಕಾರ್ಡಿನಲ್ಲಿ ಬರೆದದ್ದನ್ನು ದಾರಿಯಲ್ಲಿ ಎಲ್ಲರೂ ಓದಬಹುದಿತ್ತು. ಲಕೋಟೆಗಿಂತ ಅಗ್ಗವಾದ ಈ ನೀಲಿ ಹಾಳೆಯನ್ನು ಮಡಚಿ ಅಂಟಿಸಿದರೆ ಗಂಡನ ಮನೆಯ ಕಷ್ಟವನ್ನು ತವರಿಗೆ ಬರೆಯುವ ಹೆಣ್ಣುಮಗಳಿಗೆ ಮರೆಯೊಂದು ಸಿಕ್ಕಿತು. 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂತು. ಕೇಂದ್ರ ಸಂಪರ್ಕ ಮಂತ್ರಾಲಯದಲ್ಲಿದ್ದ, ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರರ ಯೋಜನೆ ಅದು. ಅದರ ಅಗತ್ಯ ಸಾಗರದವರಿಗೆ ಚೆನ್ನಾಗಿ ಅರ್ಥವಾಗಬೇಕು. ಮಧ್ಯಪ್ರದೇಶದಲ್ಲಿ ಇನ್ನೊಂದು ಸಾಗರ ಇದೆ, ಇದಕ್ಕಿಂತ ದೊಡ್ಡದು. 577401 ಎಂದು ಬರೆದ ಮೇಲೆ ಕಾಗದ ವಿಂಧ್ಯದ ಆಚೆಗೆ ದಾರಿ ತಪ್ಪುವ ಭಯ ಹೋಯಿತು. ತೀರ್ಥಹಳ್ಳಿಗೆ 577432, ಹೊಸನಗರಕ್ಕೆ 577418.

ಇನ್ನು ತಂತಿ. ದೇಶದಲ್ಲಿ ತಂತಿ ಜನರ ಬಳಕೆಗೆ ತೆರೆದದ್ದು 1855ರಲ್ಲಿ. 1914ರಲ್ಲಿ ಅಂಚೆ ಮತ್ತು ತಂತಿ ಎರಡೂ ಒಬ್ಬನೇ ಡೈರೆಕ್ಟರ್ ಜನರಲನ ಕೈಕೆಳಗೆ ಬಂದು ಒಂದೇ ಇಲಾಖೆಯಾದವು. ಅಲ್ಲಿಂದ 71 ವರ್ಷ ಪಿ ಅಂಡ್ ಟಿ ಎಂಬುದು ಮನೆಮಾತು. ತಂತಿಗೂ ದೇಶದೊಳಗೆ ಎಲ್ಲಿಗಾದರೂ ಒಂದೇ ದರವಾಯಿತು, ಆದರೆ ಮಾತಿಗೆ ಇಷ್ಟು ಎಂಬ ಎಣಿಕೆ. ಮಲೆನಾಡಿನ ಮನೆಗೆ ತಂತಿ ಬಂತೆಂದರೆ ಓದುವ ಮೊದಲೇ ಅಳು ಎದ್ದ ಸಂದರ್ಭಗಳಿಗೆ ಲೆಕ್ಕವಿಲ್ಲ. ಸಾವಿನ ಸುದ್ದಿಗೆ, ಕೆಲಸ ಸಿಕ್ಕ ಸುದ್ದಿಗೆ, ಅಡಿಕೆಯ ಧಾರಣೆಯ ತುರ್ತಿಗೆ ಬಿಟ್ಟರೆ ಯಾರೂ ತಂತಿ ಕೊಡುತ್ತಿರಲಿಲ್ಲ. ಹಂಚಿಕೆಯ ಎಲ್ಲೆ ಮೀರಿದ ಊರಿಗೆ ಆ ತಂತಿಯೂ ಟಪಾಲಿನ ಚೀಲದಲ್ಲೇ ಹೋಗಬೇಕಿತ್ತು. ಬೆಂಗಳೂರಿನಿಂದ ತೀರ್ಥಹಳ್ಳಿಗೆ ನಿಮಿಷಗಳಲ್ಲಿ ಬಂದ ಸುದ್ದಿ ಕೊನೆಯ ಹತ್ತು ಮೈಲಿಗೆ ಒಂದಿಡೀ ದಿನ ತೆಗೆದುಕೊಳ್ಳುತ್ತಿತ್ತು.

ಟೆಲಿಫೋನು ಬಂದಾಗ 1854ರ ತತ್ವವೇ ತಲೆಕೆಳಗಾಯಿತು. ದೂರಕ್ಕೆ ಮತ್ತೆ ದರ ಬಂತು. ಟ್ರಂಕ್ ಕಾಲ್ ಬುಕ್ ಮಾಡಿ, ಆಪರೇಟರ್ ಕರೆಯುವವರೆಗೆ ಗಂಟೆಗಟ್ಟಲೆ ಕಾಯಬೇಕು. ಅವಸರವಾದರೆ ಅರ್ಜೆಂಟ್ ಎಂದು ಹೆಚ್ಚು ಹಣ. ದೂರ ಹೆಚ್ಚಿದಂತೆ, ನಿಮಿಷ ಹೆಚ್ಚಿದಂತೆ ಬೆಲೆ. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ದೇಶಕ್ಕೆಲ್ಲ ಕಪ್ಪು ಫೋನು, ಎಕ್ಸ್‌ಚೇಂಜುಗಳನ್ನು ಮಾಡಿ ಕಳಿಸುತ್ತಿತ್ತು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮ ಅದು. ಅಷ್ಟು ಹತ್ತಿರದಲ್ಲಿ ಫೋನು ತಯಾರಾಗುತ್ತಿದ್ದರೂ ಮಲೆನಾಡಿನ ಅಡಿಕೆ ಬೆಳೆಗಾರ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ. 1991ರಲ್ಲೂ ದೇಶದಲ್ಲಿ ನೂರು ಜನಕ್ಕೆ ಒಂದು ಫೋನು ಇರಲಿಲ್ಲ.

1985ರಲ್ಲಿ ಪಿ ಅಂಡ್ ಟಿ ಒಡೆಯಿತು. ಅಂಚೆ ಒಂದು ಇಲಾಖೆ, ದೂರಸಂಪರ್ಕ ಇನ್ನೊಂದು. ಅದಕ್ಕೆ ಒಂದು ವರ್ಷ ಮೊದಲು, 1984ರಲ್ಲಿ, ಸ್ಯಾಮ್ ಪಿತ್ರೋಡಾ ಅವರ ಮುಂದಾಳುತನದಲ್ಲಿ ಸಿ-ಡಾಟ್ ಎಂಬ ಸರಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸ್ಥಾಪನೆಯಾಗಿತ್ತು. ಅದು ತಯಾರಿಸಿದ 128 ಲೈನಿನ ಹಳ್ಳಿಯ ಎಕ್ಸ್‌ಚೇಂಜ್ ಮೊಟ್ಟಮೊದಲು ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರ ಜುಲೈನಲ್ಲಿ. ವಿದೇಶದ ಯಂತ್ರಗಳಿಗೆ ತಣ್ಣನೆಯ ಕೋಣೆ ಬೇಕು, ದೂಳು ತಾಗಬಾರದು. ಇದು ಏರ್‌ಕಂಡಿಷನ್ ಇಲ್ಲದ ಕೋಣೆಯಲ್ಲಿ, ಹಳ್ಳಿಯ ದೂಳಿನಲ್ಲಿಯೇ ನಡೆಯುವಂತೆ ಕಟ್ಟಿದ ಯಂತ್ರ. ಪಟ್ಟಣಕ್ಕೆ ಮಾಡಿದ್ದನ್ನು ಹಳ್ಳಿಗೆ ಅಳವಡಿಸುವ ಬದಲು ಹಳ್ಳಿಗೆಂದೇ ಯೋಚಿಸಿ ಮಾಡಿದ ಕೆಲಸ ಅದು. ನಮ್ಮ ಸಂಪರ್ಕದ ಚರಿತ್ರೆಯಲ್ಲಿ ಅರ್ಧ ಆಣೆಯ ದರದ ಪಕ್ಕ ನಿಲ್ಲಿಸಬೇಕಾದ ಘಟನೆ ಎಂದರೆ ಕಿತ್ತೂರಿನ ಈ ಎಕ್ಸ್‌ಚೇಂಜೇ. ಅದಾಗಿ ಹತ್ತು ವರ್ಷದೊಳಗೆ ತಾಲೂಕಿನ ಪೇಟೆಗಳಲ್ಲೆಲ್ಲ ಎಸ್‌ಟಿಡಿ ಬೂತಿನ ಹಳದಿ ಬೋರ್ಡು. ರಾತ್ರಿ ದರ ಇಳಿಯುವ ಹೊತ್ತಿಗೆ ಬೂತಿನ ಮುಂದೆ ಸಾಲು.

2000ದ ಅಕ್ಟೋಬರ್ 1ರಂದು ದೂರಸಂಪರ್ಕ ಸೇವೆಯನ್ನು ಬಿಎಸ್‌ಎನ್‌ಎಲ್ ಎಂಬ ಕಂಪನಿಯ ಕೈಗೆ ಕೊಟ್ಟರು. ಅಂಚೆ ಇಲಾಖೆಯಾಗಿಯೇ ಉಳಿಯಿತು. ಒಂದೇ ಮನೆಯ ಇಬ್ಬರು ಮಕ್ಕಳ ದಾರಿ ಇಲ್ಲಿ ಬೇರೆಯಾಯಿತು. ಕಂಪನಿ ಎಂದ ಮೇಲೆ ಲಾಭನಷ್ಟದ ಪ್ರಶ್ನೆ ಬಂದೇ ಬಂತು. ಮೊದಲ ಕೆಲವು ವರ್ಷ ಅದಕ್ಕೆ ಉತ್ತರವೂ ಸಿಕ್ಕಿತು, 2004–05ರಲ್ಲಿ ಲಾಭ ಹತ್ತು ಸಾವಿರ ಕೋಟಿ ರೂಪಾಯಿ ದಾಟಿತ್ತು. ಮಲೆನಾಡಿಗೂ ಅದು ಒಳ್ಳೆಯ ಕಾಲ. ಕಾಡಿನೊಳಗಿನ ಒಂಟಿ ಮನೆಗೂ ಕಂಬ ನೆಟ್ಟು ತಂತಿ ಎಳೆದರು. ಪ್ರತಿ ಮಳೆಗಾಲದಲ್ಲೂ ಆ ತಂತಿಯ ಮೇಲೆ ಮರ ಬೀಳುತ್ತಿತ್ತು. ಲೈನ್‌ಮನ್ ಕತ್ತಿ ಹಿಡಿದು, ಜೀರುಂಡೆಯ ಸದ್ದಿನ ನಡುವೆ ತುಂಡಾದ ಜಾಗ ಹುಡುಕುತ್ತ ಹೋಗುತ್ತಿದ್ದ. ಟಪಾಲು ಹೊತ್ತು ಓಡಿದವನ ವಂಶದವನು ಈ ಲೈನ್‌ಮನ್ ಎಂದೇ ನನಗನ್ನಿಸುತ್ತದೆ.

ಮುಂದಿನ ಕುಸಿತವನ್ನು ಬೇಗ ಹೇಳಿ ಮುಗಿಸಬಹುದು. 2009–10ರಿಂದ ನಷ್ಟ. 2010ರಲ್ಲಿ ಸ್ಪೆಕ್ಟ್ರಮ್‌ಗೆಂದು ಕಟ್ಟಿದ ಸುಮಾರು 18,500 ಕೋಟಿ ರೂಪಾಯಿ ಕೈಯಲ್ಲಿದ್ದ ಹಣವನ್ನೆಲ್ಲ ಖಾಲಿ ಮಾಡಿತು. 2013ರ ಜುಲೈ ನಡುವಿನಲ್ಲಿ ತಂತಿ ಸೇವೆಯನ್ನೇ ನಿಲ್ಲಿಸಿದರು. ಖಾಸಗಿ ಕಂಪನಿಗಳು 4ಜಿ ಹಾಕಿದಾಗ ಬಿಎಸ್‌ಎನ್‌ಎಲ್ ಬಳಿ ಅದು ಇರಲಿಲ್ಲ. 2020ರ ಜನವರಿ 31ರಂದು 78,000ಕ್ಕೂ ಹೆಚ್ಚು ನೌಕರರು ಒಂದೇ ದಿನ ಸ್ವಯಂನಿವೃತ್ತಿ ಪಡೆದು ಮನೆಗೆ ಹೋದರು, ಒಟ್ಟು ನೌಕರರಲ್ಲಿ ಅರ್ಧದಷ್ಟು ಜನ. ಯಾವ ಕಂಬ ಎಲ್ಲಿದೆ, ಯಾವ ತಂತಿ ಯಾವ ತೋಟದ ಮೇಲೆ ಹೋಗಿದೆ ಎಂದು ಬಲ್ಲ ಲೈನ್‌ಮನ್‌ಗಳೂ ಅವರಲ್ಲಿದ್ದರು. ಆ ತಿಳಿವಳಿಕೆ ಯಾವ ಕಡತದಲ್ಲೂ ಇರಲಿಲ್ಲ.

ಅದಾಗಿ ಎರಡು ತಿಂಗಳಿಗೆ ಕೊರೊನಾದ ಲಾಕ್‌ಡೌನ್. ಶಾಲೆ ಮೊಬೈಲಿಗೆ ಬಂತು, ಮೊಬೈಲಿಗೆ ನೆಟ್‌ವರ್ಕ್ ಬರಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮಕ್ಕಳು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದರು. ನೆಟ್‌ವರ್ಕ್ ಕೊಡದಿದ್ದರೆ ಮತ ಹಾಕುವುದಿಲ್ಲ ಎಂದು ಹೊಸನಗರ, ಸಾಗರದ ಹಳ್ಳಿಗಳವರು 2021ರಲ್ಲಿ ಅಭಿಯಾನವನ್ನೇ ಹೂಡಿದರು. ಮೊಬೈಲಿನಲ್ಲಿ ದೂರಕ್ಕೆ ದರವಿಲ್ಲ. ಮಂಡಗದ್ದೆಯಿಂದ ದಿಲ್ಲಿಗೂ ಪಕ್ಕದೂರಿಗೂ ಒಂದೇ. ಆದರೆ ಗುಡ್ಡಕ್ಕೆ ದರವಿದೆ. ಒಂದು ಟವರು ಬಯಲಿನಲ್ಲಿ ಸಾವಿರಾರು ಜನಕ್ಕೆ ಮುಟ್ಟುತ್ತದೆ, ಮಲೆನಾಡಿನಲ್ಲಿ ಅದೇ ಖರ್ಚಿನ ಟವರು ಒಂದು ಕಣಿವೆಯ ಹತ್ತಿಪ್ಪತ್ತು ಮನೆ ಮುಟ್ಟಿ ನಿಲ್ಲುತ್ತದೆ. ಲಾಭ ನೋಡುವ ಕಂಪನಿ ಅಲ್ಲಿಗೆ ಹೋಗುವುದಿಲ್ಲ. ಬಿಎಸ್‌ಎನ್‌ಎಲ್ ಹೋದ ಕಡೆಯೂ ಕರೆಂಟು ಹೋದ ಮೇಲೆ ಬ್ಯಾಟರಿ ಎಷ್ಟು ಹೊತ್ತೋ ನೆಟ್‌ವರ್ಕೂ ಅಷ್ಟೇ ಹೊತ್ತು ಎಂಬುದು ಇಲ್ಲಿನವರಿಗೆ ರೂಢಿಯಾಗಿದೆ. ಒಂದು ಕಾರ್ಡಿಗಾಗಿ ನಾಲ್ಕು ಮೈಲಿ ನಡೆಸಿದ ಸರಕಾರಕ್ಕೆ ಹತ್ತು ಮನೆಗೊಂದು ಟವರು ನಿಲ್ಲಿಸುವುದು ಏಕೆ ಕಷ್ಟವಾಯಿತು? ಉತ್ತರ 2000ದ ಆ ತೀರ್ಮಾನದಲ್ಲಿದೆ ಎಂದೇ ನನ್ನ ಅಭಿಪ್ರಾಯ. ಇಲಾಖೆಯಲ್ಲಿ ನಷ್ಟ ಕರ್ತವ್ಯದ ಖರ್ಚಾಗಿತ್ತು, ಕಂಪನಿಯಲ್ಲಿ ಅದೇ ನಷ್ಟ ತಪ್ಪಾಯಿತು. ಆ ನಷ್ಟ ತುಂಬಿಕೊಡಲೆಂದೇ ಸರಕಾರದ್ದೊಂದು ನಿಧಿ ಇದೆ, 2019ರಿಂದ ಈಚೆಗೆ ಕೇಂದ್ರ ಸರಕಾರ ಬಿಎಸ್‌ಎನ್‌ಎಲ್‌ಗೆ ಲಕ್ಷಾಂತರ ಕೋಟಿಯ ಪ್ಯಾಕೇಜುಗಳನ್ನೂ ಘೋಷಿಸಿದೆ. 2025ರ ಸೆಪ್ಟೆಂಬರ್ 27ರಂದು ದೇಶದಲ್ಲೇ ತಯಾರಾದ 4ಜಿ ತಂತ್ರಜ್ಞಾನದೊಂದಿಗೆ 97,500ಕ್ಕೂ ಹೆಚ್ಚು ಟವರುಗಳನ್ನು ಒಡಿಶಾದ ಝಾರ್ಸುಗುಡದಲ್ಲಿ ಉದ್ಘಾಟಿಸಲಾಯಿತು. ಕಿತ್ತೂರಿನ ಎಕ್ಸ್‌ಚೇಂಜ್ ಕಟ್ಟಿದ ಸಿ-ಡಾಟ್‌ನದೇ ಅದರಲ್ಲೊಂದು ದೊಡ್ಡ ಪಾಲು.

ಲಾಕ್‌ಡೌನಿನ ಅದೇ ದಿನಗಳಲ್ಲಿ ಅಂಚೆಯವರು ಔಷಧ ಹೊತ್ತು ಮನೆಮನೆಗೆ ಹೋದರು. ಬ್ಯಾಂಕಿಗೆ ಹೋಗಲಾರದ ವೃದ್ಧರ ಬೆರಳಚ್ಚು ಪಡೆದು ಜಗಲಿಯಲ್ಲೇ ಹಣ ಎಣಿಸಿಕೊಟ್ಟರು. 2018ರ ಸೆಪ್ಟೆಂಬರ್ 1ರಂದು ಶುರುವಾಗಿದ್ದ ಅಂಚೆ ಪೇಮೆಂಟ್ಸ್ ಬ್ಯಾಂಕಿನಿಂದ ಆದ ಉಪಕಾರ ಅದು. ಕಾಗದ ಕಡಿಮೆಯಾದರೂ ಅಂಚೆಯವನ ಬರುವಿಕೆ ನಿಂತಿಲ್ಲ. ಕಾರ್ಡಿನ ಬೆಲೆ ಇಂದಿಗೂ ಐವತ್ತು ಪೈಸೆ. ರಿಜಿಸ್ಟರ್ಡ್ ಪೋಸ್ಟ್ ಮಾತ್ರ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಹಳ್ಳಿಯಲ್ಲಿ ಕೋರ್ಟಿನ ನೋಟೀಸಿಗೂ ಕೆಲಸದ ಆರ್ಡರಿಗೂ ಸಹಿ ಹಾಕಿ ಪಡೆಯುತ್ತಿದ್ದ ಆ ಲಕೋಟೆಗೆ ಈಗ ಬೇರೆ ಹೆಸರು.

ಇಷ್ಟನ್ನೂ ಹೊತ್ತವರ ಸ್ಥಿತಿ ಏನು? ಇ.ಡಿ. ನೌಕರರೂ ಸರಕಾರದ ಸಿವಿಲ್ ಹುದ್ದೆಯಲ್ಲಿರುವವರೇ ಎಂದು ಸುಪ್ರೀಂ ಕೋರ್ಟು 1977ರ ರಾಜಮ್ಮ ಪ್ರಕರಣದಲ್ಲಿ ಹೇಳಿತು. ಆದರೆ ಅವರು ಖಾಯಂ ನೌಕರರ ಸಾಲಿನ ಹೊರಗಿನವರು ಎಂಬುದೂ ಹಾಗೆಯೇ ಉಳಿಯಿತು. ಅವರ ಸ್ಥಿತಿಯ ಬಗ್ಗೆ ನ್ಯಾಯಮೂರ್ತಿ ತಲ್ವಾರ್ ಸಮಿತಿ 1997ರಲ್ಲಿ ವರದಿ ಕೊಟ್ಟಿತು. 2001ರಲ್ಲಿ ಹೆಸರು ಗ್ರಾಮೀಣ ಡಾಕ್ ಸೇವಕ್ ಎಂದಾಯಿತು. ಕಮಲೇಶ್ ಚಂದ್ರ ಸಮಿತಿಯ ವರದಿ 2016ರಲ್ಲೇ ಬಂದಿದ್ದರೂ ಜಾರಿಯಾಗದಿದ್ದಾಗ 2018ರ ಮೇ 22ರಿಂದ ಹದಿನಾರು ದಿನ ದೇಶದ ಹಳ್ಳಿಗಳಲ್ಲಿ ಟಪಾಲು ನಿಂತಿತು. ಆ ಮುಷ್ಕರದ ನಂತರ ಜುಲೈ 1ರಿಂದ ಹೊಸ ಭತ್ಯೆ: ನಾಲ್ಕು ಗಂಟೆಯ ಕೆಲಸಕ್ಕೆ ಶಾಖಾ ಪೋಸ್ಟ್ ಮಾಸ್ಟರಿಗೆ ತಿಂಗಳಿಗೆ 12,000 ರೂಪಾಯಿ ಮೂಲ, ಅವರ ಕೈಕೆಳಗಿನವರಿಗೆ 10,000. ಕಾಗದದ ಮೇಲೆ ನಾಲ್ಕು ಗಂಟೆ. ತೋಟಕ್ಕೊಂದು ಮನೆಯ ಊರಿನಲ್ಲಿ, ಮಳೆಯಲ್ಲಿ, ಆ ನಾಲ್ಕು ಗಂಟೆ ಎಲ್ಲಿಯವರೆಗೆ ಎಳೆಯುತ್ತದೆಂದು ಮಲೆನಾಡಿನವರಿಗೆ ಗೊತ್ತು. ಇಂಥ ಸುಮಾರು ಎರಡೂವರೆ ಲಕ್ಷ ಜನ ದೇಶದ ಹಳ್ಳಿ ಅಂಚೆಯನ್ನು ನಡೆಸುತ್ತಿದ್ದಾರೆ. ಎಂಟು ಗಂಟೆಯ ಕೆಲಸ, ಖಾಯಂ ನೌಕರರಿಗಿರುವ ಪಿಂಚಣಿ ತಮಗೂ ಬೇಕು ಎಂಬುದು ಅವರ ಬಹುಕಾಲದ ಬೇಡಿಕೆ. 1854ರಿಂದ ದೂರಕ್ಕೆ ದರವಿಲ್ಲ ಎಂದು ಸರಕಾರ ಹೇಳುತ್ತ ಬಂದಿರುವುದು ಈ ಜನ ತಮ್ಮ ಕಾಲಿನಿಂದ ಆ ದರ ತೆತ್ತಿದ್ದರಿಂದ. ಅವರ ಬೇಡಿಕೆ ನ್ಯಾಯವಾದದ್ದು, ಅದು ಈಡೇರಬೇಕು.